ಸ್ಯಾನ್ ರಮೋನಿನ ಬರಿಗಾಲು ಸ್ವಾಗತ

ನಾನು ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ಇಳಿದದ್ದು ಎಂಬತ್ತರ ದಶಕದ ಒಂದು ಜೂನ್ ತಿಂಗಳಲ್ಲಿ, ಗುರುವಾರ ಮಧ್ಯಾಹ್ನ. ದಾವಣಗೆರೆಯಿಂದ ಬೊಂಬಾಯಿಗೆ ರೈಲು, ಅಲ್ಲಿಂದ ಮುಂದಕ್ಕೆ ಎರಡು ವಿಮಾನ. ಕಾಲು ಊದಿಕೊಂಡು ಶೂ ಬಿಗಿಯಾಗಿತ್ತು. ಆ ಶೂಗಳ ವಿಷಯ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಪ್ರವಾಸದಲ್ಲಿ ನನಗಿಂತ ಹೆಚ್ಚು ಊರು ಸುತ್ತಿದವು ಅವೇ.

ನಾನು ಆಯ್ಕೆಯಾಗಿದ್ದದ್ದು ಒಂದು ವಿದ್ಯಾರ್ಥಿ ವಿನಿಮಯ ಯೋಜನೆಗೆ. ಬೇಸಿಗೆಯಲ್ಲಿ ಎರಡು ತಿಂಗಳು ಅಮೆರಿಕದ ಒಂದು ಊರಿನಲ್ಲಿ, ಒಂದು ಮನೆಯವರ ಜೊತೆ ಇದ್ದು, ಏನಾದರೂ ಕೆಲಸ ಮಾಡಿ, ಅವರನ್ನು ಅರಿತು ಬರುವುದು. ನನಗೆ ಸಿಕ್ಕ ಊರು ಸ್ಯಾನ್ ರಮೋನ್, ಕೆಲಸ ಅಲ್ಲಿನ ಒಂದು ಗಾಲ್ಫ್ ಕ್ಲಬ್ಬಿನ ಊಟದ ಮನೆಯಲ್ಲಿ ಬಡಿಸುವುದು. ಶೂ ಕಪ್ಪು ಚರ್ಮದ್ದಿರಬೇಕು, ಬೆರಳು ಮುಚ್ಚಿರಬೇಕು, ಹಿಮ್ಮಡಿ ಎತ್ತರ ಇರಕೂಡದು ಎಂದು ಮೊದಲೇ ತಿಳಿಸಿದ್ದರು. ದಾವಣಗೆರೆಯ ಅಂಗಡಿಗಳಲ್ಲಿ ಹೆಂಗಸರಿಗೆ ಅಂಥ ಶೂ ಇರಲಿಲ್ಲ. ಅಪ್ಪ ಚಪ್ಪಲಿ ಹೊಲಿಯುವವರ ಹತ್ತಿರ ಕರೆದುಕೊಂಡು ಹೋದರು. ಅವರು ಹಳೆಯ ಪೇಪರಿನ ಮೇಲೆ ನನ್ನ ಪಾದ ಇರಿಸಿ ಸುತ್ತ ಗೆರೆ ಎಳೆದು, "ಅಗಲ ಭೇಷಾಗೈತವ್ವ, ಗಾಳಿ ಬಂದ್ರೂ ಬೀಳಂಗಿಲ್ಲ" ಎಂದರು. ಹುಡುಗರ ಶಾಲೆಯ ಶೂ ಮಾದರಿಯಲ್ಲಿ ಹೊಲಿದುಕೊಟ್ಟರು. ಕೊನೆಯಲ್ಲಿ ಕಪ್ಪು ದಾರ ಮುಗಿದು, ಎಡಗಾಲಿನ ಶೂ ಒಳಗಡೆ ಕೆಂಪು ದಾರದ ಹೊಲಿಗೆ ಬಿತ್ತು. ಹವಾಯಿ ಚಪ್ಪಲಿಯನ್ನೂ ಪೆಟ್ಟಿಗೆಗೆ ಹಾಕಿದ್ದೆ. ಉಪ್ಪಿನಕಾಯಿ ಬಾಟಲಿಗೆ ಜಾಗ ಬೇಕೆಂದು ಅಮ್ಮ ಅದನ್ನು ತೆಗೆದಿಟ್ಟಿದ್ದರು.

ನಿಲ್ದಾಣಕ್ಕೆ ಬಂದವರು ನಾನು ಇರಬೇಕಾದ ಮನೆಯ ಗಂಡ ಹೆಂಡತಿ. ಡೋರಥಿಗೆ ಅರವತ್ತರ ಹತ್ತಿರ, ಮಾತು ನಿಲ್ಲುತ್ತಿರಲಿಲ್ಲ. ವಾಲ್ಟರ್ ಕಾರು ಓಡಿಸುವಾಗ ಕೆಮ್ಮುವುದನ್ನು ಬಿಟ್ಟರೆ ಸದ್ದು ಮಾಡುತ್ತಿರಲಿಲ್ಲ. ನಿಲ್ದಾಣದ ಹೊರಗೆ ಚಳಿಗಾಳಿ ಇತ್ತು, ಸ್ವೆಟರ್ ಹಾಕಿಕೊಂಡೆ. ಕೊಲ್ಲಿಯ ಮೇಲಿನ ಉದ್ದ ಸೇತುವೆ ದಾಟಿ, ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿದ ಗುಡ್ಡಗಳ ಆಚೆ ಇಳಿಯುವಾಗ ದಾವಣಗೆರೆಯದೇ ಬಿಸಿಲು. ಸ್ವೆಟರ್ ತೆಗೆದೆ. ಒಂದು ಗಂಟೆಯ ದಾರಿಯಲ್ಲಿ ಎರಡು ಋತು ಕಳೆದಿದ್ದವು.

ಆ ಊರು ಪರದೇಶದ ವಿದ್ಯಾರ್ಥಿಗಳನ್ನು ಕರೆಸಿಕೊಂಡದ್ದು ಅದೇ ಮೊದಲು. ಉಳಿದ ಇಬ್ಬರು ಮುಂದಿನ ವಾರ ಬರುವವರಿದ್ದರು. ಹಾಗಾಗಿ ಊರಿನ ಸ್ವಾಗತವೆಲ್ಲ ನನ್ನೊಬ್ಬಳ ತಲೆಯ ಮೇಲೆ ಬಿತ್ತು. ಶುಕ್ರವಾರ ಸಂಜೆ ಸಮುದಾಯ ಭವನದಲ್ಲಿ ಊಟ, ಮನೆಗೊಂದು ಅಡುಗೆ ಮಾಡಿಕೊಂಡು ಬರುವುದು. ನನಗೆ ಕನ್ನಡ ಕೇಳಿಸಲಿ ಎಂದು ಡೋರಥಿ ಎಲ್ಲೆಲ್ಲೋ ವಿಚಾರಿಸಿ ಹುಬ್ಬಳ್ಳಿಯ ಸುಮಿತ್ರಾಬಾಯಿ ಎಂಬವರನ್ನು ಕರೆದಿದ್ದರು. ಅವರ ಯಜಮಾನರು ಅಲ್ಲೇ ಇಂಜಿನಿಯರು.

ಭವನದ ಬಾಗಿಲಿಗೆ ಬಂದೆ. ಒಳಗೆ ಮರದ ನೆಲ, ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಆಚೆ ಬದಿಗೆ ಅನ್ನಪಾತ್ರೆಗಳು. ಅನ್ನ ಇರುವ ಕಡೆಗೆ ಶೂ ಹಾಕಿಕೊಂಡು ಹೋಗುವುದು ನನ್ನ ಕೈಲಾಗಲಿಲ್ಲ. ಹೊರಗಿನ ಜಗಲಿಯಲ್ಲಿ ಶೂ ಬಿಚ್ಚಿ ಗೋಡೆಗೆ ಒತ್ತಿ ಜೋಡಿಸಿ ಇಟ್ಟೆ. ಅಲ್ಲಿ ಎರಡು ದೊಡ್ಡ ಪೆಟ್ಟಿಗೆಗಳೂ ಬಟ್ಟೆ ತುಂಬಿದ ಚೀಲಗಳೂ ಇದ್ದವು. ಯಾರದೋ ಸಾಮಾನು ಎಂದುಕೊಂಡೆ.

ಡೋರಥಿ ನನ್ನ ಕಾಲು ನೋಡಿದರು. ಭಾರತದವರ ನಡೆನುಡಿಯ ಬಗ್ಗೆ ಅವರು ಊರಿನ ಗ್ರಂಥಾಲಯದಲ್ಲಿ ತಿಂಗಳಿಡೀ ಓದಿಕೊಂಡಿದ್ದರು. ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಅವರು ಇನ್ನೊಬ್ಬರಿಗೆ ಹೇಳಿದರು. ನಾನು ಕೈಯಲ್ಲಿ ಹೂಗುಚ್ಛ ಹಿಡಿದು ನಿಂತಿದ್ದಂತೆಯೇ, ಆ ಸಭೆಯ ಎಲ್ಲರೂ ಎದ್ದು ಸಾಲಾಗಿ ಹೊರಗೆ ಹೋಗಿ ಶೂ ಬಿಚ್ಚಿ ಬಂದರು. ಸ್ವಾಗತ ಸಮಿತಿಯ ಅಧ್ಯಕ್ಷರು ಬ್ಯಾಂಕಿನ ದೊಡ್ಡ ಅಧಿಕಾರಿ. ಅವರ ಕಾಲುಚೀಲ ಒಂದು ನೀಲಿ, ಒಂದು ಕಂದು. ವಾಲ್ಟರ್ ಅವರ ಬಲಗಾಲಿನ ಹೆಬ್ಬೆರಳು ಚೀಲದ ತೂತಿನಿಂದ ಹೊರಬಂದು ಸಭೆಯನ್ನು ನೋಡುತ್ತಿತ್ತು.

"ನಾನು ಹೇಳಲಿಲ್ಲ," ಎಂದು ಸುಮಿತ್ರಾಬಾಯಿಗೆ ಹೇಳಿದೆ.

"ಹೇಳೂದ್ಯಾಕ? ಇವರು ಹಂಗ. ನೀ ಈಗ ಮೂಗು ತುರಿಸ್ಕೊಂಡ್ರೂ ಎಲ್ಲಾರೂ ತುರಿಸ್ಕೋತಾರ. ಸುಮ್ನ ಕೂಡು."

ಊಟ ಚೆನ್ನಾಗಿತ್ತು. ಆಲೂಗಡ್ಡೆಯದು ಮೂರು ಬಗೆ, ಮೆಕ್ಕೆಜೋಳದ ಕಾಳು, ಕೋಸಂಬರಿಯನ್ನು ಗಾಜಿನಲ್ಲಿ ಹೂತಿಟ್ಟಂತೆ ನಡುಗುವ ಹಸಿರು ಪದಾರ್ಥವೊಂದು. "ಅದು ಸಸ್ಯಾಹಾರ ಅಲ್ಲ, ಎಲುಬು ಕುದಿಸಿ ಮಾಡ್ತಾರ. ಅದನ್ನ ನೋಡ್ಬೇಕಷ್ಟ" ಎಂದರು ಸುಮಿತ್ರಾಬಾಯಿ. ಅಧ್ಯಕ್ಷರು ಭಾಷಣ ಮಾಡಿದರು. ಬರಿಗಾಲಿನಲ್ಲಿ ನಿಂತಾಗ ಮನುಷ್ಯರೆಲ್ಲ ಒಂದೇ ಎತ್ತರ ಎಂದರು. ಅವರು ಅಲ್ಲಿದ್ದವರಲ್ಲೆಲ್ಲ ಗಿಡ್ಡ.

ಊಟ ಮುಗಿದು ಬಾಗಿಲು ತೆಗೆದರೆ ಜಗಲಿ ಖಾಲಿ. ಪೆಟ್ಟಿಗೆ ಇಲ್ಲ, ಚೀಲ ಇಲ್ಲ, ಒಂದೇ ಒಂದು ಶೂ ಕೂಡ ಇಲ್ಲ. ಗುಡಿಸಿದಂತಿತ್ತು. ಬಡವರಿಗಾಗಿ ಹಳೆಯ ಸಾಮಾನು ಕೂಡಿಸುವ ಸಂಸ್ಥೆಯೊಂದರ ಲಾರಿ ಶುಕ್ರವಾರ ಸಂಜೆ ಆ ಜಗಲಿಗೆ ಬರುತ್ತದೆ, ಅಲ್ಲಿಟ್ಟದ್ದೆಲ್ಲ ದಾನದ್ದೇ ಎಂಬುದು ಊರಿಗೆಲ್ಲ ಗೊತ್ತಿತ್ತು. ಸಂಭ್ರಮದಲ್ಲಿ ಯಾರಿಗೂ ನೆನಪಾಗಲಿಲ್ಲ.

ಕಾಲುಚೀಲದಲ್ಲಿ ನಿಂತ ಅಷ್ಟು ಜನರೂ ನನ್ನನ್ನು ನೋಡಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಸುಮಿತ್ರಾಬಾಯಿ ನನ್ನ ಬೆನ್ನು ಸವರಿದರು. "ಹೋಗ್ಲಿ ಬಿಡ ತಂಗಿ. ಗುಡಿ ಮುಂದ ಚಪ್ಪಲಿ ಹೋದ್ರ ಏನಂತೀವಿ? ಶನಿ ಬಿಟ್ಟಿತು ಅಂತೀವಿ."

ಅದೇ ಮಾತನ್ನು ಅವರು ಇಂಗ್ಲಿಷಿನಲ್ಲಿ ಹೇಳಿದಾಗ, ಶನಿ ಯಾರು ಎಂದು ಡೋರಥಿ ಕೇಳಿದರು. ನಾನು ವಿವರಿಸಿದೆ. ಅವರು ಎಲ್ಲರ ಕಡೆ ತಿರುಗಿ, ನಮ್ಮ ಊರಿನ ಕೆಟ್ಟಕಾಲವೆಲ್ಲ ಈಗ ಆ ಲಾರಿಯಲ್ಲಿ ಹೋಯಿತಂತೆ ಎಂದು ಸಾರಿದರು. ಜನ ನಕ್ಕು, ಪಾರ್ಕಿಂಗ್ ಜಾಗದ ಜಲ್ಲಿಯ ಮೇಲೆ ಕುಂಟುತ್ತ ತಮ್ಮ ತಮ್ಮ ಕಾರುಗಳಿಗೆ ಹೋದರು.

ನನಗೆ ನಗು ಬರಲಿಲ್ಲ. ಕೆಲಸ ಶುರುವಾಗುವುದು ಸೋಮವಾರ. ಡೋರಥಿ ಶನಿವಾರ ಬೆಳಿಗ್ಗೆ ಕ್ಲಬ್ಬಿಗೆ ಫೋನ್ ಮಾಡಿದರು. ಅಂಥ ಶೂ ಇಲ್ಲದೆ ಅಡುಗೆಮನೆಗೆ ಬಿಡುವಂತಿಲ್ಲ, ಬೇರೆ ಹುಡುಗಿಯನ್ನು ಕರೆಯಬೇಕಾಗುತ್ತದೆ ಎಂದರು ಮ್ಯಾನೇಜರ್. ಕೆಲಸವಿಲ್ಲದಿದ್ದರೆ ಯೋಜನೆಯವರು ನನ್ನನ್ನು ಊರಿಗೆ ಕಳಿಸುತ್ತಾರೆ. ದಾವಣಗೆರೆ ನಿಲ್ದಾಣದಲ್ಲಿ ಹಾರ ಹಾಕಿ ಕಳಿಸಿಕೊಟ್ಟವರ ಮುಂದೆ ಒಂದೇ ವಾರಕ್ಕೆ ಇಳಿಯಬೇಕಾಗುತ್ತದೆ.

ಮೊದಲು ಅಂಗಡಿಗೆ ಹೋದೆವು. ಡೋರಥಿಯ ಉಳಿದ ಚಪ್ಪಲಿಗಳಲ್ಲಿ ನನ್ನ ಪಾದ ಹಿಡಿದದ್ದು ಗುಲಾಬಿ ಬಣ್ಣದ, ತುಪ್ಪಳದ, ಮಲಗುವ ಕೋಣೆಯ ಚಪ್ಪಲಿ ಮಾತ್ರ. ಸೀರೆಯ ಕೆಳಗೆ ಎರಡು ಮೊಲದ ಮರಿ ಇದ್ದಂತೆ ಕಾಣುತ್ತಿದ್ದವು. ಅಂಗಡಿಯವನು ಲೋಹದ ಅಳತೆಪಟ್ಟಿಯ ಮೇಲೆ ನನ್ನ ಕಾಲಿರಿಸಿ, ಇನ್ನೊಬ್ಬನನ್ನು ಕರೆದು ತೋರಿಸಿದ. ಉದ್ದ ಮಕ್ಕಳದು, ಅಗಲ ಗಂಡಸರದು. ಕೊನೆಗೆ ಸರಿಹೋದದ್ದು ಒಂದೇ ಜೊತೆ, ತಳದಲ್ಲಿ ಮೊಳೆಗಳಿದ್ದ ಫುಟ್‌ಬಾಲ್ ಶೂ.

"ಕಪ್ಪಾಗೇನೋ ಇದೆ," ಎಂದರು ವಾಲ್ಟರ್. ಎರಡು ದಿನದಲ್ಲಿ ಅವರು ಆಡಿದ ಮೊದಲ ಮಾತು.

ಇನ್ನುಳಿದದ್ದು ಹೋದ ಶೂಗಳನ್ನೇ ಹುಡುಕುವುದು. ಆ ಲಾರಿಯ ಸಂಸ್ಥೆಯ ಉಗ್ರಾಣ ಇದ್ದದ್ದು ಎಮರಿವಿಲ್‌ನಲ್ಲಿ. ಫ್ರೀವೇ ಹಿಡಿದು ಉತ್ತರಕ್ಕೆ, ಆಮೇಲೆ ಪಡುವಣಕ್ಕೆ, ಗುಡ್ಡ ಕೊರೆದ ಸುರಂಗದೊಳಗೆ. ಸುರಂಗದ ಈಚೆ ಉರಿಬಿಸಿಲು, ಆಚೆ ಮಂಜು. ಎಮರಿವಿಲ್ ಆಗ ಬರೀ ಕಾರ್ಖಾನೆ, ಗೋದಾಮುಗಳ ಊರು. ಕೊಲ್ಲಿಯ ಕೆಸರಿನಲ್ಲಿ ಯಾರೋ ತೇಲಿಬಂದ ಮರದ ತುಂಡುಗಳಿಂದ ಆನೆ, ವಿಮಾನ, ಮನುಷ್ಯರನ್ನು ಮಾಡಿ ನಿಲ್ಲಿಸಿದ್ದರು. ನೋಡಲು ನಿಲ್ಲುವ ಮನಸ್ಸಿರಲಿಲ್ಲ.

ಉಗ್ರಾಣದ ಬಾಗಿಲಲ್ಲೇ ಲಾರಿ ಓಡಿಸುವವನು ಸಿಕ್ಕಿದ. ಸ್ಯಾನ್ ರಮೋನಿನವರು ಎಂದದ್ದೇ ತಡ, ಟೋಪಿ ತೆಗೆದ.

"ನಿನ್ನೆ ನಾನು ಕಿಟಕಿಯಲ್ಲಿ ನೋಡಿದೆ," ಎಂದ. "ಎಲ್ಲರೂ ಕಾಲುಚೀಲದಲ್ಲಿ ಕೂತಿದ್ದಿರಿ. ಇಷ್ಟು ವರ್ಷ ಲಾರಿ ಓಡಿಸಿದ್ದೇನೆ. ಜನ ಬೇಡವಾದದ್ದನ್ನು ಕೊಡುತ್ತಾರೆ. ಹಾಕಿಕೊಂಡದ್ದನ್ನೇ ಬಿಚ್ಚಿ ಕೊಟ್ಟವರನ್ನು ಈಗಲೇ ನೋಡಿದ್ದು. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ, ಅತ್ತುಬಿಟ್ಟಳು."

ಡೋರಥಿಯ ಮುಖ ಕೆಂಪಾಯಿತು. ದಾರಿಯುದ್ದಕ್ಕೂ ಹೇಗೆ ಕೇಳಬೇಕೆಂದು ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತನ್ನು ಅವರು ಆಡಲೇ ಇಲ್ಲ. "ಹೌದು," ಎಂದರು, "ನಮ್ಮ ಊರಿನವರು ಹಾಗೇ."

ಇನ್ನು ನಾನೇ ಕೇಳಬೇಕಾಯಿತು. ಒಂದು ಜೊತೆ ಕಪ್ಪು ಶೂ ನನ್ನದು, ತಿಳಿಯದೆ ಬಿಟ್ಟದ್ದು, ಅದಿಲ್ಲದಿದ್ದರೆ ಕೆಲಸವಿಲ್ಲ ಎಂದೆ. ಆತ ಟೋಪಿಯನ್ನು ತಲೆಗೆ ಹಾಕಿಕೊಂಡು ನಮ್ಮ ಮೂವರನ್ನೂ ನೋಡಿದ. "ಹಾಗಾದರೆ ಉಳಿದವರದೂ...?"

"ಇಲ್ಲ," ಎಂದು ಡೋರಥಿ ನಡುವೆಯೇ ಹೇಳಿದರು. "ಉಳಿದವರೆಲ್ಲ ಮನಸಾರೆ ಕೊಟ್ಟದ್ದು."

ಊರಿನವರೆಲ್ಲರ ಶೂಗಳೂ ಆ ಒಂದು ಮಾತಿನಲ್ಲಿ ದಾನವಾದವು. "ನನ್ನದು ಹೋದ ವಾರ ಕೊಂಡದ್ದು," ಎಂದು ವಾಲ್ಟರ್ ನನಗೆ ಮಾತ್ರ ಕೇಳುವಂತೆ ಹೇಳಿದರು.

ಕಪ್ಪು ಶೂಗಳೆಲ್ಲ ಬೆಳಿಗ್ಗೆಯೇ ಬರ್ಕ್ಲಿಯಲ್ಲಿ ಸಂಸ್ಥೆಯವರು ದಾನದ ಸಾಮಾನು ಮಾರುವ ಅಂಗಡಿಗೆ ಹೋಗಿದ್ದವು. ಅಲ್ಲಿಗೆ ಓಡಿದೆವು. ಹತ್ತು ನಿಮಿಷದ ದಾರಿ. ವಿಶ್ವವಿದ್ಯಾಲಯದ ಹತ್ತಿರದ ಬೀದಿ, ಹುಡುಗ ಹುಡುಗಿಯರ ಗುಂಪು, ಊದುಬತ್ತಿಯ ವಾಸನೆ. ಅಂಗಡಿಯೊಳಗೆ ಕಪಾಟಿನಲ್ಲಿ ವಾಲ್ಟರ್ ಅವರ ಶೂ ಇತ್ತು. ಅದರ ಬೆಲೆಚೀಟಿ ನೋಡಿ ಡೋರಥಿಗೆ ಅವಮಾನವಾಯಿತು. "ಇದರ ಲೇಸಿಗೇ ಇದಕ್ಕಿಂತ ಹೆಚ್ಚು ಕೊಟ್ಟಿದ್ದೆ," ಎಂದರು. ವಾಲ್ಟರ್ ಅದನ್ನು ಮುಟ್ಟಿ, ಡೋರಥಿಯ ಮುಖ ನೋಡಿ, ಅಲ್ಲೇ ಬಿಟ್ಟರು. ನನ್ನದು ಎಲ್ಲೂ ಇರಲಿಲ್ಲ.

ಸೋತು ಹೊರಗೆ ಬಂದೆ. ಅಂಗಡಿಯ ಮೆಟ್ಟಿಲಲ್ಲಿ ಹಸಿರು ಕೂದಲಿನ ಹುಡುಗಿಯೊಬ್ಬಳು ಕಾಲು ಚಾಚಿ ಕೂತು ತನ್ನ ಶೂಗಳನ್ನು ಹೆಮ್ಮೆಯಿಂದ ನೋಡಿಕೊಳ್ಳುತ್ತಿದ್ದಳು. ದಾವಣಗೆರೆಯ ಶೂ. ನನ್ನದರಷ್ಟೇ ಅಗಲದ ಪಾದ.

ಹಾಕಿಕೊಂಡದ್ದನ್ನು ಬಿಚ್ಚಿಕೊಡು ಎಂದು ಅಪರಿಚಿತಳನ್ನು ಕೇಳುವುದು ಹೇಗೆ? ಅವಳ ಪಕ್ಕದಲ್ಲಿ ಕೂತೆ. "ಎಡಗಾಲಿನದರ ಒಳಗೆ ಕೆಂಪು ದಾರದ ಹೊಲಿಗೆ ಇರಬೇಕು," ಎಂದೆ.

ಅವಳು ಬಿಚ್ಚಿ ನೋಡಿದಳು. ನನ್ನನ್ನು ನೋಡಿದಳು. ನಾನು ಎಲ್ಲ ಹೇಳಿದೆ.

"ಹುಟ್ಟಿದಾಗಿನಿಂದ ನನಗೆ ಸರಿಹೋದದ್ದು ಇದೊಂದೇ," ಎಂದಳು. ಆದರೂ ಇನ್ನೊಂದನ್ನೂ ಬಿಚ್ಚಿ ನನ್ನ ಮಡಿಲಲ್ಲಿಟ್ಟಳು. ಹೆಸರು ರೋಬಿನ್ ಎಂದಳು.

ಅವಳು ಅಂಗಡಿಗೆ ಕೊಟ್ಟ ದುಡ್ಡನ್ನು ಮರಳಿಸಲು ಡೋರಥಿ ಹೋದರೆ ಬೇಡವೆಂದಳು. ನನಗೆ ಹಾಗೆ ಎದ್ದುಬರಲು ಆಗಲಿಲ್ಲ. "ಆಗಸ್ಟಿನಲ್ಲಿ ನನ್ನ ಕೆಲಸ ಮುಗಿಯುತ್ತದೆ. ಆಮೇಲೆ ಇದು ನಿನ್ನದು," ಎಂದೆ. ಅಲ್ಲಿಯವರೆಗೆ ಇರಲಿ ಎಂದು ಗುಲಾಬಿ ಚಪ್ಪಲಿ ಬಿಚ್ಚಿದೆ. ಅದು ತನ್ನದಲ್ಲವೇ ಎಂದು ಡೋರಥಿ ಕೇಳಲಿಲ್ಲ. ರೋಬಿನ್ ಅದನ್ನು ಹಾಕಿಕೊಂಡು ಎರಡು ಸುತ್ತು ತಿರುಗಿದಳು. ಹಸಿರು ಕೂದಲಿಗೆ ಚೆನ್ನಾಗಿಯೇ ಹೊಂದಿತು.

ಸೋಮವಾರ ಕೆಲಸಕ್ಕೆ ಹೋದೆ. ಮ್ಯಾನೇಜರ್ ನನ್ನ ಮುಖಕ್ಕಿಂತ ಮೊದಲು ಕಾಲು ನೋಡಿ ತಲೆಯಾಡಿಸಿದರು. ಮುಂದಿನ ಎರಡು ತಿಂಗಳು ಸೂಪು ಚೆಲ್ಲದೆ ನಡೆಯುವುದನ್ನು ಕಲಿತೆ, ಶನಿವಾರಗಳಂದು ಒಂದೊಂದು ಮನೆಗೆ ಊಟಕ್ಕೆ ಹೋದೆ. ಹೋದಲ್ಲೆಲ್ಲ ಮನೆಯವರು ನನಗಾಗಿ ಶೂ ಬಿಚ್ಚುತ್ತಿದ್ದರು, ಬಿಚ್ಚಿ ಕೈಯಲ್ಲಿ ಹಿಡಿದು ಒಳಗೆ ತರುತ್ತಿದ್ದರು. ಅಧ್ಯಕ್ಷರು ತಮ್ಮದನ್ನು ಊಟದ ಮೇಜಿನ ಕೆಳಗೆ ಎರಡು ಕಾಲಿನ ನಡುವೆ ಇಟ್ಟುಕೊಂಡಿದ್ದರು. ಮುಂದಿನ ವರ್ಷವೂ ವಿದ್ಯಾರ್ಥಿಗಳನ್ನು ಕರೆಸುವುದೆಂದು ಆ ಮೇಜಿನ ಮೇಲೆಯೇ ನಿರ್ಧಾರವಾಯಿತು.

ಹೊರಡುವ ಹಿಂದಿನ ದಿನ ಡೋರಥಿಗೆ ಒಂದು ಚಿಂತೆ ಹತ್ತಿತು. ಶೂ ಕೊಟ್ಟರೆ ಶನಿ ರೋಬಿನ್ ಹಿಂದೆ ಹೋಗುವುದಿಲ್ಲವೇ? ಸುಮಿತ್ರಾಬಾಯಿಗೆ ಫೋನ್ ಮಾಡಿದೆವು.

"ಕಳದದ್ದು ಬ್ಯಾರೆ, ಕೊಟ್ಟದ್ದು ಬ್ಯಾರೆ," ಎಂದರು ಅವರು. "ಕೊಟ್ಟರ ಪುಣ್ಯ. ಅಕಿಗೂ ಹೇಳು, ಪಾಲಿಶ್ ಮಾಡ್ಕೋ ಅಂತ."

ನಾನೇ ಪಾಲಿಶ್ ಮಾಡಿದೆ. ರೋಬಿನ್ ಅದೇ ಮೆಟ್ಟಿಲಲ್ಲಿ ಕಾಯುತ್ತಿದ್ದಳು. ಕೂದಲು ಈಗ ನೀಲಿ, ಚಪ್ಪಲಿ ಬೂದಿ ಬಣ್ಣ. ಶೂ ಹಾಕಿಕೊಂಡು ನನ್ನ ಕೈ ಹಿಡಿದುಕೊಂಡಳು. ಡೋರಥಿ ಆ ಚಪ್ಪಲಿಗಳನ್ನು ಒಗೆದು, ಒಣಗಿಸಿ, ಬಾಚಣಿಗೆಯಿಂದ ಬಾಚಿ, ಮರುದಿನ ನಿಲ್ದಾಣಕ್ಕೆ ಹೊರಡುವಾಗ ನನ್ನ ಕಾಲಿನ ಮುಂದೆ ಇಟ್ಟರು.

ದಾವಣಗೆರೆಯಲ್ಲಿ ಇಳಿದಾಗ ಅಪ್ಪ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ನನ್ನ ಮುಖ ನೋಡಿ, ಕಾಲು ನೋಡಿ ಕೇಳಿದರು, "ಹೊಲಿಸಿದ ಶೂ ಏನಾತು?"

"ಅಲ್ಲಿ ಒಬ್ಬಳಿಗೆ ಸರಿಹೋತು, ಕೊಟ್ಟು ಬಂದೆ."

"ಅಷ್ಟು ಅಗಲದ ಕಾಲು ಅಮೆರಿಕದಾಗೂ ಐತಾ?" ಎಂದು ಅಪ್ಪ ಸಮಾಧಾನದಿಂದ ಪೆಟ್ಟಿಗೆ ಎತ್ತಿಕೊಂಡರು.

ಮನೆಯ ಬಾಗಿಲಲ್ಲಿ ಗುಲಾಬಿ ಚಪ್ಪಲಿ ಬಿಟ್ಟೆ, ಗೋಡೆಗೆ ಒತ್ತಿ, ಜೋಡಿಸಿ. ಒಳಗೆ ಎರಡು ಹೆಜ್ಜೆ ಇಟ್ಟು ತಿರುಗಿ ನೋಡಿದೆ. ಅಲ್ಲೇ ಇದ್ದವು.