ಅರ್ಧಕ್ಕೆ ಎದ್ದು ಹೋಗುವುದೇ ಇವರ ಕೆಲಸ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಡುಗೆಮನೆಯ ಮೇಜಿನ ಮೇಲಿನ ಲ್ಯಾಪ್‌ಟಾಪ್‌ನಲ್ಲಿ ರೋಗಿಯನ್ನು ಹಾಸಿಗೆಯಿಂದ ಎಬ್ಬಿಸುವ ಪಾಠ ನಡೆಯುತ್ತಿದೆ. ರೋಗಿ ಇನ್ನೂ ಅರ್ಧ ಎದ್ದಿರುವಾಗಲೇ ಇವರು ವೈಫೈ ಆರಿಸಿ, ಚಹಾಕ್ಕೆ ನೀರಿಡಲು ಹೋಗುತ್ತಾರೆ. ಇದು ಸೋಮಾರಿತನವಲ್ಲ, ಕಸುಬು. ಆಫೀಸಿನವರು ಪ್ರೀತಿಯಿಂದ ಇಟ್ಟ ಹೆಸರು ಅರ್ಧಂಬರ್ಧ ಅಕ್ಕ.

ಆನ್‌ಲೈನ್ ಕೋರ್ಸು ತಯಾರಾಗುವುದು ಒಂದು ಕಡೆ, ಓಡುವುದು ಇನ್ನೊಂದು ವೇದಿಕೆಯಲ್ಲಿ. ಎರಡಕ್ಕೂ ಮಾತುಕತೆ ಕುದುರಬೇಕಾದರೆ ಒಪ್ಪಿತ ನಿಯಮಗಳು ಬೇಕು. ಅವೇ ಮಾನದಂಡಗಳು. ಹಳೆಯ ಮಾನದಂಡವನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು, ಮಧ್ಯದಲ್ಲಿ ಎದ್ದು ಹೋದವರು ಬಿಟ್ಟಲ್ಲಿಂದಲೇ ಮುಂದುವರಿಯಬಹುದೇ ಎಂದು ತಾಳೆ ನೋಡುವವರು ಅಕ್ಕ.

"ಹಳೇದು ಬಾಯಿ ಬಿಡೋದೇ ಕಮ್ಮಿ. ಮುಗೀತಾ, ಮಾರ್ಕ್ಸ್ ಎಷ್ಟು, ಎಲ್ಲಿ ನಿಲ್ಸಿದ್ರು, ಅಷ್ಟೇ. ಹೊಸದು ನೀವು ಕೆಮ್ಮಿದ್ರೂ ಬರ್ಕೊಳ್ಳುತ್ತೆ. ಆದ್ರೆ ನಿಲ್ಸಿದ ಜಾಗಾನ ನಾವೇ ಬೇರೆಯಾಗಿ ಬರ್ಸಿಡ್ಬೇಕು. ಎಲ್ರೂ ಮರೆಯೋದು ಅದನ್ನೇ," ಎನ್ನುತ್ತಾರೆ.

ಆಸ್ಪತ್ರೆಯ ಈ ಕೋರ್ಸು ಸೋಮವಾರ ಹೊಸ ವೇದಿಕೆಗೆ ದಾಟಬೇಕು. ತಂಡದವರು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಓಡಿಸಿ ಸೈ ಎಂದಿದ್ದಾರೆ. ಹಾಗೆ ಕಲಿಯುವ ಪುಣ್ಯ ಯಾರಿಗಿದೆ? ಅಕ್ಕನ ಮನೆಯಲ್ಲೇ ಇರುವ ನಾದಿನಿ ಅದೇ ಆಸ್ಪತ್ರೆಯ ವಾರ್ಡ್ ಸಹಾಯಕಿ. ಬಸ್ಸಿನಲ್ಲಿ, ಪಾಳಿಯ ಬಿಡುವಿನಲ್ಲಿ, ಮಗು ಮಲಗಿದಾಗ ಇದೇ ಕೋರ್ಸನ್ನು ಚೂರುಚೂರೇ ಕಲಿತು ಮುಕ್ಕಾಲು ದಾರಿ ಬಂದಿದ್ದಾಳೆ. ತಿಂಗಳ ಕೊನೆಯೊಳಗೆ ಮುಗಿಸಿದರೆ ಕೆಲಸ ಕಾಯಂ. ಮತ್ತೆ ಮೊದಲಿನಿಂದ ಶುರುಮಾಡು ಎಂದರೆ ಅವಳ ಕೈಲಾಗದು.

ಚಹಾ ಕುಡಿದು ಅಕ್ಕ ಮರಳಿ ಲಾಗಿನ್ ಆಗುತ್ತಾರೆ. ಪರದೆ ಮೊದಲ ಪುಟ ತೋರಿಸಿ "ಸ್ವಾಗತ" ಎನ್ನುತ್ತದೆ. ಇನ್ನೊಮ್ಮೆ ನೋಡುತ್ತಾರೆ, ಮತ್ತೆ ಸ್ವಾಗತ. ಮ್ಯಾನೇಜರಿಗೆ ಫೋನು ಹೋಗುತ್ತದೆ.

"ಸಾರ್, ಸೋಮವಾರ ಬೇಡ."

"ಎಲ್ಲಾ ಪಾಸಾಗಿದೆಯಲ್ಲಮ್ಮಾ."

"ಕೂತು ಮುಗಿಸೋರಿಗೆ ಪಾಸು ಸಾರ್. ಎದ್ದು ಹೋಗೋರಿಗೆ ಫೇಲು. ನೀವೇ ಒಂದ್ಸಲ ಮಧ್ಯದಲ್ಲಿ ಬಿಟ್ಟು ಬನ್ನಿ."

ಫೋನು ಹಿಡಿದೇ ಮ್ಯಾನೇಜರು ಕೋರ್ಸನ್ನು ಮಧ್ಯದಲ್ಲಿ ಬಿಟ್ಟು, ಮತ್ತೆ ಲಾಗಿನ್ ಆಗುತ್ತಾರೆ. ಅವರ ಪರದೆಯಲ್ಲೂ ಅದೇ "ಸ್ವಾಗತ". ಆಮೇಲೆ ಮೆಲ್ಲಗೆ, "ಸರಿಮಾಡ್ಸೋವರೆಗೂ ಹಳೇದೇ ಓಡ್ಲಿ ಬಿಡಿ."

ಇಷ್ಟು ವರ್ಷದಲ್ಲಿ ಅಕ್ಕ ಅರ್ಧಕ್ಕೆ ಬಿಟ್ಟ ಕೋರ್ಸುಗಳಿಗೆ ಲೆಕ್ಕವಿಲ್ಲ. "ಒಂದಾದ್ರೂ ಪೂರ್ತಿ ಮುಗಿಸಿ ಸರ್ಟಿಫಿಕೇಟ್ ಗೋಡೆಗೆ ಹಾಕ್ಬೇಕು ಅಂತ ಆಸೆ," ಎಂದು ನಗುತ್ತಾರೆ.

ಅಷ್ಟರಲ್ಲಿ ರಾತ್ರಿಪಾಳಿ ಮುಗಿಸಿದ ನಾದಿನಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾಳೆ.

"ಅತ್ತಿಗೆ, ಪಾಠ ಎಲ್ಲಿಗೆ ನಿಲ್ಸಿದ್ನೋ ನೆನಪೇ ಇಲ್ಲ."

"ನೀನ್ಯಾಕೆ ನೆನಪಿಟ್ಕೋಬೇಕು, ನಾನಿಲ್ವಾ? ಹೋಗು, ಮಲ್ಕೋ."