ಅಪ್ಪನಿಗೊಂದು ಕಾಕ್‌ಟೇಲ್

ಐಸು ತುಂಬಿದ ಸ್ಟೀಲ್ ಡಬ್ಬಿಯನ್ನು ನಮ್ಮ ಹಿತ್ತಲಲ್ಲಿ ನಿಂತು ಜೋರಾಗಿ ಕುಲುಕಿದರೆ ಏನಾಗುತ್ತದೆ ಎಂಬುದನ್ನು ನಾನು ನೋಡಿದ ಯಾವ ವಿಡಿಯೋದಲ್ಲೂ ಹೇಳಿರಲಿಲ್ಲ. ಕೋಳಿಗಳು ಬರುತ್ತವೆ. ಹೊತ್ತು ಮುಳುಗುವ ಸಮಯ, ಗೂಡಿನ ಬಾಗಿಲಿಗೆ ಹೋಗಿದ್ದವೂ ತಿರುಗಿ, ರೆಕ್ಕೆ ಬಡಿದುಕೊಂಡು, ಒಂದರ ಮೇಲೊಂದು ಬಿದ್ದು ಓಡಿ ಬಂದವು. ಅಮ್ಮ ಇದ್ದ ಕಾಲದಿಂದಲೂ ನಮ್ಮ ಮನೆಯಲ್ಲಿ ಕೋಳಿ ಕರೆಯುವುದು ಡಬ್ಬಿಗೆ ಜೋಳ ಹಾಕಿ ಕುಲುಕಿಯೇ. ಈ ಸಲ ಡಬ್ಬಿಯೊಳಗಿದ್ದದ್ದು ವಿಸ್ಕಿ, ನಿಂಬೆರಸ, ಸಕ್ಕರೆ ಪಾಕ ಮತ್ತು ಆ ಕೋಳಿಗಳದೇ ಒಂದು ಮೊಟ್ಟೆಯ ಬಿಳಿ. ಕಾಕ್‌ಟೇಲ್ ಎಂದರೆ ಹುಂಜದ ಬಾಲ ಎಂದು ಅಪ್ಪನಿಗೆ ಆಗಷ್ಟೇ ವಿವರಿಸಿದ್ದೆ. ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದ ಅಪ್ಪ ನನ್ನ ಕಾಲ ಸುತ್ತ ಸೇರಿದ ಹಿಂಡನ್ನು ನೋಡಿ, "ಬಾಲ ಕೇಳಿದ್ರೆ ಹುಂಜಾನೇ ಬಂದ್ಬಿಡ್ತಲ್ಲ ಅಮ್ಮಣ್ಣಿ" ಅಂದ. ನಾನು ನಕ್ಕ ರಭಸಕ್ಕೆ ಡಬ್ಬಿಯ ಮುಚ್ಚಳ ಹಾರಿತು. ಅಪ್ಪನಿಗೆಂದು ಮಾಡಿದ ಮೊದಲ ವಿಸ್ಕಿ ಸಾರ್ ಎಂಬ ಆ ಹುಳಿ ಕಾಕ್‌ಟೇಲನ್ನು ಕುಡಿದದ್ದು ನಮ್ಮ ಕೋಳಿಗಳು, ಅದರಲ್ಲೂ ಹೆಚ್ಚು ಪಾಲು ಹುಂಜದ್ದು. ಮಾರನೆಯ ದಿನ ಅದು ಕೂಗಿದ್ದು ಚೆನ್ನಾಗಿ ಬಿಸಿಲೇರಿದ ಮೇಲೆ.

ಇಷ್ಟೆಲ್ಲ ಶುರುವಾದದ್ದು ಅಪ್ಪನ ಮೊಪೆಡ್ಡಿನಿಂದ. ನಮ್ಮದು ಕುಂದಾಣದ ಪಕ್ಕದ ಹಳ್ಳಿ. ಒಂದಿಷ್ಟು ದ್ರಾಕ್ಷಿ ತೋಟ, ಎರಡು ಹಸು, ಹಿತ್ತಲಲ್ಲೊಂದು ಚಕ್ಕೋತದ ಮರ. ನಾನು ವಿಮಾನ ನಿಲ್ದಾಣದ ಸರಕು ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಅಪ್ಪ ಸಂಜೆ ಡೇರಿಗೆ ಹಾಲು ಹಾಕಿ, ಹಾಗೇ ಮೊಪೆಡ್ ತಿರುಗಿಸಿಕೊಂಡು ಹೆದ್ದಾರಿ ಪಕ್ಕದ ಬಾರಿಗೆ ಹೋಗುತ್ತಿದ್ದ. ಜಗಳ ಮಾಡುವ ಕುಡುಕನಲ್ಲ, ಬಿದ್ದು ಹೊರಳುವವನೂ ಅಲ್ಲ. ಎರಡು ಪೆಗ್ ಹಾಕಿ, ಕಡ್ಲೆಬೀಜ ತಿಂದು, ಲಾರಿಗಳ ನಡುವೆ ದಾರಿ ಮಾಡಿಕೊಂಡು ಬರುತ್ತಿದ್ದ. ಮನೆಯಲ್ಲೇ ಕುಡಿಯಬಹುದಲ್ಲ ಎಂದರೆ, ಮನೆಯಲ್ಲಿ ಕುಡಿದರೆ ಮರ್ಯಾದೆ ಹೋಗುತ್ತದಂತೆ. ಹೆದ್ದಾರಿಯಲ್ಲಿ ಜೀವ ಹೋದರೆ ಪರವಾಗಿಲ್ಲ ಎಂಬುದು ಅವನ ಲೆಕ್ಕ.

ಆ ಮರ್ಯಾದೆ ಎಂದರೆ ಬೇರೆ ಏನಲ್ಲ, ಅಪ್ಪನ ಅಕ್ಕ. ನನ್ನ ಸೋದರತ್ತೆ. ಅವಳನ್ನು ಕೊಟ್ಟಿದ್ದು ಘಾಟಿ ಸುಬ್ರಹ್ಮಣ್ಯದ ಹತ್ತಿರದ ಊರಿಗೆ. ಚಿಕ್ಕಂದಿನಲ್ಲೇ ತಾಯಿ ಕಳೆದುಕೊಂಡ ಅಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಮಾಂಸ ಬಿಟ್ಟು ಎಷ್ಟೋ ವರ್ಷವಾಗಿದೆ, ಷಷ್ಠಿಯ ದಿನ ತೀರ್ಥ ತೆಗೆದುಕೊಳ್ಳುವವರೆಗೆ ನೀರನ್ನೂ ಮುಟ್ಟುವುದಿಲ್ಲ. ತಮ್ಮ ಕುಡಿಯುವುದು ಅವಳಿಗೆ ಗೊತ್ತಿಲ್ಲ ಎಂದು ಅಪ್ಪ ನಂಬಿದ್ದ, ನಾನೂ ನಂಬಿದ್ದೆ. ಅತ್ತೆ ದಿನಾ ಊಟದ ಹೊತ್ತಿಗೆ ಫೋನ್ ಮಾಡುತ್ತಿದ್ದಳು. ಎತ್ತಿದ ತಕ್ಷಣ ಮೊದಲ ಮಾತು, "ಬಂದ್ನಾ?" ನಾನು ಕಿವಿಯನ್ನು ಬೀದಿಯ ಕಡೆಗಿಟ್ಟುಕೊಂಡು, "ಬಂದೈತೆ ಅತ್ತೆ, ಊಟಕ್ಕೆ ಕೂತೈತೆ" ಎನ್ನುತ್ತಿದ್ದೆ. ತೋಟದಿಂದ ಬಂದನಾ ಎಂದು ಕೇಳುತ್ತಾಳೆ ಅಂದುಕೊಂಡಿದ್ದೆ.

ಒಂದು ಸಂಜೆ ಅಪ್ಪ ಕುಂಟುತ್ತಾ ಬಂದ. ಮೊಪೆಡ್ಡಿನ ಕನ್ನಡಿ ಕಿತ್ತುಹೋಗಿತ್ತು, ಪಂಚೆ ಹರಿದಿತ್ತು, ಮಂಡಿಯಿಂದ ರಕ್ತ ಇಳಿಯುತ್ತಿತ್ತು. "ನಾಯಿ ಅಡ್ಡ ಬಂತು ಕಣಮ್ಮ" ಅಂದ. ನನಗೆ ಸಿಟ್ಟಿಗಿಂತ ಭಯವೇ ಹೆಚ್ಚಾಯಿತು. ಅಮ್ಮನೂ ಇಲ್ಲದ, ಇವನೂ ಇಲ್ಲದ ಮನೆ ಒಂದು ಕ್ಷಣ ಕಣ್ಣ ಮುಂದೆ ಬಂದುಹೋಯಿತು. ಗಾಯ ತೊಳೆದು ಅರಿಶಿನ ಒತ್ತುತ್ತಾ ಹೇಳಿದೆ, "ಇನ್ಮೇಲೆ ಬಾರಿಗೆ ಹೋಗ್ಬೇಡ. ಮನೇಲಿ ನಾನೇ ಮಾಡ್ಕೊಡ್ತೀನಿ. ದಿನಕ್ಕೆ ಒಂದೇ ಲೋಟ. ಆದ್ರೆ ಆ ಬಾರಿನೋರು ಕಣ್ಣಲ್ಲೂ ಕಂಡಿರಬಾರದು, ಅಂಥದ್ದು ಮಾಡ್ತೀನಿ."

ಅಪ್ಪ ಹರಿದ ಪಂಚೆಯನ್ನು ಮಂಡಿಯ ಮೇಲೆ ಎಳೆದುಕೊಂಡ. ಆಮೇಲೆ, "ಅಕ್ಕನ ಕಿವಿಗೆ ಬಿತ್ತೋ, ಅವತ್ತೇ ಮತ್ತೆ ಬಾರಿಗೆ ಮೊಪೆಡ್ ತೆಗೀತೀನಿ" ಅಂದ. ಹೀಗೆ ಒಪ್ಪಂದವಾಯಿತು.

ಮಾತು ಕೊಟ್ಟಾಗಿತ್ತು, ವಿದ್ಯೆ ಇರಲಿಲ್ಲ. ಅಲ್ಲಿಯವರೆಗೆ ನಾನು ಬೆರೆಸಿದ್ದ ಅತಿ ಕಷ್ಟದ ಪಾನೀಯ ಎಂದರೆ ರಾಮನವಮಿಯ ಪಾನಕ. ವಿಮಾನ ನಿಲ್ದಾಣದ ರಸ್ತೆಯಲ್ಲಿ ಗಾಜಿನ ಬಾಗಿಲಿನ ಒಂದು ಮದ್ಯದಂಗಡಿ ಇದೆ. ಅಲ್ಲಿ ಹೆಂಗಸರೂ ಬುಟ್ಟಿ ಹಿಡಿದು, ತರಕಾರಿ ಆರಿಸಿದಷ್ಟೇ ಸಲೀಸಾಗಿ ಬಾಟಲಿ ಆರಿಸುತ್ತಾರೆ. ಹೆದರಿ ಹೆದರಿ ಒಳಗೆ ಹೋದವಳು ಹೊರಗೆ ಬರುವಷ್ಟರಲ್ಲಿ ಬುಟ್ಟಿ ತುಂಬಿಕೊಂಡಿದ್ದೆ. ಬಾಟಲಿಗಳಿಗೆ ದುಪಟ್ಟಾ ಸುತ್ತಿ, ಊಟದ ಚೀಲದಲ್ಲಿಟ್ಟು ಬಸ್ಸಿನಲ್ಲಿ ತಂದೆ. ಬಸ್ಸು ಪ್ರತಿ ಹಂಪ್ ಹಾರಿದಾಗಲೂ ಚೀಲ ಟಣ್ ಎನ್ನುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಉಪ್ಪಿನಕಾಯಿ ಜಾಡಿನಾ?" ಎಂದು ಕೇಳಿದರು. ಹೌದು ಅಂದೆ. ಮಾವಿನಕಾಯಿನಾ, ನಿಂಬೆಕಾಯಿನಾ ಎಂದರು. ನಿಂಬೆಕಾಯಿ ಅಂದೆ. ಅದು ಪೂರ್ತಿ ಸುಳ್ಳಾಗಿರಲಿಲ್ಲ.

ಇನ್ನು ಸಾಮಾನು. ಕುಲುಕುವುದಕ್ಕೆ ಜೋಳದ ಡಬ್ಬಿ ಆಯಿತು. ಅಳತೆಗೆ ಏನಾದರೂ ಪುಟ್ಟದು ಬೇಕು ಎಂದು ಅಟ್ಟ ಹುಡುಕಿದಾಗ, ಅಮ್ಮ ನನಗೆ ಹಾಲು ಕುಡಿಸುತ್ತಿದ್ದ ಬೆಳ್ಳಿಯ ಒಳಲೆ ಸಿಕ್ಕಿತು. ಅದರ ಮೂತಿಯಿಂದ ಒಂದು ಹನಿಯೂ ಆಚೀಚೆ ಚೆಲ್ಲದೆ ಬೀಳುತ್ತದೆ, ಇದಕ್ಕೆಂದೇ ಮಾಡಿಸಿದ್ದರೇನೋ. ಅಪ್ಪನಿಗೆ ಮಾತ್ರ ಅಳತೆ ಸಮಾಧಾನವಾಗಲಿಲ್ಲ. "ನಿಂಗೇ ಇದು ಸಾಲ್ತಿರ್ಲಿಲ್ಲ, ರಚ್ಚೆ ಹಿಡೀತಿದ್ದೆ. ನಂಗೆ ಸಾಲ್ತದಾ?" ಎಂದು ವಾದಕ್ಕೆ ನಿಂತ. ಎರಡು ತಾಮ್ರದ ಲೋಟ ಮತ್ತು ಕಲಕುವ ಚಮಚವನ್ನು ಘಾಟಿಯ ಪೂಜೆ ಸಾಮಾನಿನ ಅಂಗಡಿಯಲ್ಲಿ ಕೊಂಡೆ. ವಿಡಿಯೋದಲ್ಲಿ ತೋರಿಸುವ ತೆಳ್ಳನೆಯ ಚಮಚ ದೇವನಹಳ್ಳಿಯಲ್ಲೆಲ್ಲೂ ಸಿಗಲಿಲ್ಲ. ಅದಕ್ಕೆ ತೀರಾ ಹತ್ತಿರದ್ದು ಎಂದರೆ ತೀರ್ಥ ಕೊಡುವ ಉದ್ಧರಣೆ. ದೇವರ ಮನೆಯದನ್ನು ಮುಟ್ಟಲಿಲ್ಲ, ಹೊಸದನ್ನೇ ತಂದೆ. ಅಷ್ಟು ಭಯಭಕ್ತಿ ನನಗೂ ಇದೆ.

ಓಲ್ಡ್ ಫ್ಯಾಷನ್ಡ್ ಎಂಬ ಇನ್ನೊಂದು ವಿಸ್ಕಿ ಕಾಕ್‌ಟೇಲಿಗೆ ಒಂದೆರಡು ಹನಿ ಕಹಿ ಬೇಕು. ಆ ಕಹಿಯ ಬಾಟಲಿ ತರುವುದನ್ನು ಮರೆತಿದ್ದೆ, ನೆಲಬೇವಿನ ಕಡ್ಡಿ ನೆನೆಸಿ ಹಾಕಿದೆ. ಅಪ್ಪ ಒಂದು ಗುಟುಕು ಕುಡಿದು, ಹಣೆ ಮುಟ್ಟಿ ನೋಡಿಕೊಂಡು, "ನಂಗೆ ಜ್ವರ ಇಲ್ವಲ್ಲ ಮಗ" ಅಂದ. ಆದರೆ ಚಕ್ಕೋತ ಕೈಹಿಡಿಯಿತು. ಲೋಟದ ಅಂಚಿಗೆ ಉಪ್ಪು ಹಚ್ಚಿ, ಜಿನ್ ಹಾಕಿ, ಮೇಲೆ ಹಿತ್ತಲ ಚಕ್ಕೋತದ ರಸ ಸುರಿದೆ. ಅಪ್ಪ ಕುಡಿದ. ಅಂಚಿನ ಉಪ್ಪನ್ನು ನೆಕ್ಕಿದ. ಮತ್ತೆ ಕುಡಿದ. ಇದರ ಹೆಸರೇನು ಎಂದು ಕೇಳಿದ. ಸಾಲ್ಟಿ ಡಾಗ್, ಉಪ್ಪುಪ್ಪು ನಾಯಿ ಎಂದು ಹೇಳಿದೆ. ಅಪ್ಪ ಲೋಟವನ್ನು ಬೆಳಕಿಗೆ ಹಿಡಿದು, ಮಂಡಿಯ ಗಾಯ ಸವರಿಕೊಂಡು, "ಅವತ್ತು ಅಡ್ಡ ಬಂದಿದ್ದು ಇದೇಯ" ಅಂದ. ನಾವಿಬ್ಬರೂ ಎಷ್ಟು ನಕ್ಕೆವೆಂದರೆ ಕೊಟ್ಟಿಗೆಯ ಹಸುಗಳು ಎದ್ದು ನಿಂತವು. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಅಷ್ಟು ನಗು ಆಗಿರಲಿಲ್ಲ. ಮದ್ಯ ಅವನ ಲೋಟದಲ್ಲಿತ್ತು, ಅಮಲು ಮಾತ್ರ ಇಬ್ಬರಿಗೂ ಏರಿತ್ತು.

ಆಮೇಲೆ ಅಪ್ಪನಿಗೆ ಹುಚ್ಚು ಹಿಡಿಯಿತು. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗಲೇ, "ಇವತ್ತು ಯಾವ್ದು?" ಎನ್ನುವನು. ಬಚ್ಚಲ ನೀರು ಹರಿಯುವ ಕಡೆ ಪುದೀನ ನೆಟ್ಟ. ಹಣ್ಣಾದ ಚಕ್ಕೋತಕ್ಕೆ ಗೋಣಿ ಸುತ್ತಿ ಅಳಿಲಿನಿಂದ ಕಾಪಾಡಿದ. ಡೇರಿಯಿಂದ ನೆಟ್ಟಗೆ ಮನೆಗೆ ಬಂದು, ಕೈಕಾಲು ತೊಳೆದು, ಹಿತ್ತಲ ಮೆಟ್ಟಿಲ ಮೇಲೆ ಪರೀಕ್ಷೆ ತೆಗೆದುಕೊಳ್ಳುವ ಮೇಷ್ಟ್ರ ಗತ್ತಿನಲ್ಲಿ ಕೂರುತ್ತಿದ್ದ. ಮೊಪೆಡ್ಡಿನ ಬೀಗದ ಕೈ ಬಾಗಿಲ ಪಕ್ಕದ ಮೊಳೆಗೆ ನೇತುಬಿದ್ದಿರುತ್ತಿತ್ತು. ನಾನು ಹೋಗುತ್ತಾ ಬರುತ್ತಾ ಅದನ್ನು ನೋಡಿಕೊಳ್ಳುತ್ತಿದ್ದೆ. ಅತ್ತೆ ಫೋನ್ ಮಾಡಿ "ಬಂದ್ನಾ?" ಎಂದಾಗ ಈಗ ನಿಜವನ್ನೇ ಹೇಳುತ್ತಿದ್ದೆ, ಆ ಸುಖವೇ ಬೇರೆ.

ಹೀಗಿರುವಾಗ ಒಂದು ಸಂಜೆ ಶುಂಠಿಯ ಸರದಿ ಬಂತು. ವೋಡ್ಕಾ, ನಿಂಬೆರಸ, ಶುಂಠಿ ಸೋಡಾ ಸೇರಿಸಿ ತಾಮ್ರದ ಲೋಟದಲ್ಲೇ ಕೊಡಬೇಕಾದ ಪಾನೀಯವದು. ಪುದೀನವನ್ನು ಹಿಂದಿನ ದಿನವೇ ಕೋಳಿಗಳು ಕೆದರಿ ಮುಗಿಸಿದ್ದವು, ಅದರ ಬದಲು ಮೇಲೆ ಒಂದೆರಡು ತುಳಸಿ ಎಲೆ ತೇಲಿಬಿಟ್ಟೆ. ಆಗಷ್ಟೇ ದೇವರಿಗೆ ದೀಪ ಹಚ್ಚಿದ್ದೆ, ಊದುಬತ್ತಿ ಇನ್ನೂ ಹೊಗೆಯಾಡುತ್ತಿತ್ತು. ಉದ್ಧರಣೆಯಲ್ಲಿ ಕಲಕುತ್ತಾ ಅಡುಗೆಮನೆಯಿಂದ ನಡುಮನೆಗೆ ಬಂದೆ. ಎದುರಿಗೆ ಅತ್ತೆ ನಿಂತಿದ್ದಳು.

ದೇವನಹಳ್ಳಿಯಲ್ಲಿ ಏನೋ ಕೆಲಸವಿತ್ತಂತೆ, ಮುಗಿಸಿ ಇತ್ತ ಬಂದಿದ್ದಳು. ಕಾಲು ತೊಳೆದು ಒಳಗೆ ಬಂದವಳ ಮುಖ ಬಾಡಿತ್ತು. ಅವತ್ತು ಷಷ್ಠಿ, ಅವಳು ಉಪವಾಸ. ನನ್ನ ಕೈಯಲ್ಲಿದ್ದ ತಾಮ್ರದ ಲೋಟವನ್ನು ನೋಡಿದಳು, ತುಳಸಿಯನ್ನು ನೋಡಿದಳು, ಉದ್ಧರಣೆಯನ್ನು ನೋಡಿದಳು. ಮುಖ ಅರಳಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎಡಗೈ ಮೇಲೆ ಬಲಗೈ ಇಟ್ಟು, ಅಂಗೈ ಗುಳಿ ಮಾಡಿ ನನ್ನ ಮುಂದೆ ಚಾಚಿದಳು. "ಒಳ್ಳೆ ಹೊತ್ತಿಗೆ ಬಂದೆ. ಹಾಕಮ್ಮ."

ನನಗೆ ಒಳಗಿನಿಂದ ನಗುವೂ ಹೆದರಿಕೆಯೂ ಒಟ್ಟಿಗೇ ಉಕ್ಕಿ ಬಂದವು. ಇದು ತೀರ್ಥ ಎಂದರೆ ಅವಳ ವ್ರತ ಹಾಳಾಗುತ್ತದೆ. ತೀರ್ಥವಲ್ಲ ಎಂದರೆ ಅಪ್ಪನ ಗುಟ್ಟು ಹೊರಬೀಳುತ್ತದೆ, ನಾಳೆ ಸಂಜೆಯಿಂದ ಮೊಪೆಡ್ಡಿನ ಬೀಗದ ಕೈ ಮೊಳೆಯ ಮೇಲಿರುವುದಿಲ್ಲ. ಕೈಜಾರಿದಂತೆ ಲೋಟವನ್ನು ಕೆಳಗೆ ಬೀಳಿಸಿಬಿಡಲೇ ಎಂದುಕೊಂಡೆ. ಬೆರಳು ಸಡಿಲಿಸುವಷ್ಟರಲ್ಲಿ ಹಿತ್ತಲಿಂದ ಅಪ್ಪ ಬಂದ. ಒಂದೇ ನೋಟಕ್ಕೆ ಅವನಿಗೆ ಎಲ್ಲ ಅರ್ಥವಾಯಿತು. ಬಂದು ನನ್ನ ಕೈಯಿಂದ ಲೋಟ ತೆಗೆದುಕೊಂಡ.

"ತಗೋಬೇಡ ಕಣಕ್ಕ. ಇದು ತೀರ್ಥ ಅಲ್ಲ."

"ಮತ್ತೇನೋ?"

"ಎಣ್ಣೆ. ನಂದು. ನಾನು ಕುಡೀತೀನಿ ಅಕ್ಕ, ಬಾಳ ವರ್ಷದಿಂದ."

ಅತ್ತೆಯ ಅಂಗೈ ಹಾಗೇ ಚಾಚಿಕೊಂಡಿತ್ತು. ಅಪ್ಪ ತಲೆ ತಗ್ಗಿಸಿ ನಿಂತಿದ್ದ, ನೆಲ್ಲಿಕಾಯಿ ಕದ್ದು ಸಿಕ್ಕಿಬಿದ್ದ ಹುಡುಗನಾಗಿಬಿಟ್ಟಿದ್ದ. ಅವಳು ನಿಧಾನವಾಗಿ ಕೈ ಮಡಿಸಿದಳು.

"ಮನೇಲೇ ಕುಡೀತೀಯಾ?"

"ಹೂಂ. ಇವಳು ಮಾಡ್ಕೊಡ್ತಾಳೆ. ಒಂದೇ ಲೋಟ."

"ಆ ಹೆದ್ದಾರಿಗೆ ಹೋಗಲ್ವಾ ಈಗ?"

ಅಪ್ಪ ತಲೆ ಎತ್ತಿದ. ಹೆದ್ದಾರಿಯ ಮಾತನ್ನು ನಾವಿಬ್ಬರೂ ಅವಳಿಗೆ ಎಂದೂ ಹೇಳಿರಲಿಲ್ಲ. "ಇಲ್ಲ ಕಣಕ್ಕ. ಡೇರಿಗೆ ಹೋದ್ರೆ ನೆಟ್ಟಗೆ ಮನೆಗೆ" ಅಂದ.

ಅತ್ತೆ ಗೋಡೆಗೊರಗಿ ಕೂತಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ದಿನಾ ಬಂದ್ನಾ, ಬಂದ್ನಾ ಅಂತ ಕೇಳಿ ಕೇಳಿ ನನ್ ನಾಲಿಗೆ ಸವೆದೋಯ್ತು ಕಣೋ" ಅಂದಳು. ಆಮೇಲೆ ಲೋಟದ ಕಡೆ ಕಣ್ಣು ಹಾಯಿಸಿ, "ಶುಂಠಿ ವಾಸನೆ ಚೆನ್ನಾಗೈತೆ. ನಂಗೂ ಒಂದು ಮಾಡಮ್ಮ, ಆ ಹಾಳಾದ್ದೊಂದು ಬಿಟ್ಟು" ಎಂದಳು.

ನಾನು ಅಡುಗೆಮನೆಗೆ ಓಡಿದೆ. ಓಡಿದೆ ಎನ್ನುವುದಕ್ಕಿಂತ ಕುಣಿದುಕೊಂಡು ಹೋದೆ. ಮೊದಲು ದೇವರ ಮನೆಯ ತೀರ್ಥ ಕೊಟ್ಟು ಅವಳ ಉಪವಾಸ ಬಿಡಿಸಿ, ಆಮೇಲೆ ಬೆಲ್ಲ, ನಿಂಬೆ, ಶುಂಠಿ ಹಾಕಿ ಇನ್ನೊಂದು ತಾಮ್ರದ ಲೋಟ ತುಂಬಿಸಿದೆ. ಅವಳು ಒಂದು ಗುಟುಕು ಕುಡಿದು, ಅಭ್ಯಾಸಬಲದಿಂದ ಬಲಗೈಯನ್ನು ತಲೆಗೆ ಸವರಿಕೊಂಡಳು. ಅಪ್ಪ ಅಷ್ಟು ಹೊತ್ತಿನಿಂದ ತಡೆದುಕೊಂಡಿದ್ದ ನಗು ಮೂಗಿನಿಂದ ಬಂತು, ಜೊತೆಗೆ ಒಂದಿಷ್ಟು ಶುಂಠಿ ಸೋಡಾ. ಅತ್ತೆ ಅವನ ಬೆನ್ನಿಗೆ ಗುದ್ದಿದಳು, ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ.

ಅವಳ ಫೋನ್ ಈಗಲೂ ದಿನಾ ಬರುತ್ತದೆ, ಸ್ವಲ್ಪ ಬೇಗ, ದೀಪ ಹಚ್ಚುವ ಹೊತ್ತಿಗೆ. ಎತ್ತಿದ ತಕ್ಷಣ ಕೇಳುತ್ತಾಳೆ, "ಇವತ್ತು ಏನ್ ಕುಲುಕ್ತಿದೀಯೇ?" ನಾನು ಫೋನನ್ನು ಮೆಟ್ಟಿಲ ಮೇಲೆ ಅಪ್ಪನ ಪಕ್ಕ ಇಟ್ಟು, ಡಬ್ಬಿ ಕುಲುಕಿ ಕೇಳಿಸುತ್ತೇನೆ. ಕೋಳಿಗಳು ಓಡಿ ಬರುತ್ತವೆ. ಅಪ್ಪ ಅವನ್ನು ಗದರಿಸುವುದು ಅವಳಿಗೆ ಕೇಳಿಸುತ್ತದೆ. ಬಂದ್ನಾ ಎಂದು ಕೇಳುವುದನ್ನು ಅವಳು ಮರೆತೇಬಿಟ್ಟಿದ್ದಾಳೆ.