ಅರಾಕ್ಸಿಯವರು ಎತ್ತಿದ ಕಲ್ಲು

ಮೇಘನಾ, ಚಿರಾಗ್, ನಿಮಗೆ ಕನ್ನಡ ಓದಲು ಕಷ್ಟವಾದರೆ ನಿಮ್ಮಮ್ಮನ ಕೈಲಿ ಓದಿಸಿಕೊಳ್ಳಿ. ಎದುರು ಕೂತು ಹೇಳಲು ನಿಮ್ಮ ಅಜ್ಜಿಗೆ ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ.

2010ರಲ್ಲಿ ನಾನು ಡಲ್ಲಾಸ್ ಹತ್ತಿರದ ಲಿಟಲ್ ಎಲ್ಮ್‌ನಲ್ಲಿ ಕೇರ್‌ಗಿವರ್ ಆಗಿದ್ದೆ. ಅಂದರೆ ವಯಸ್ಸಾದವರಿಗೆ ಸ್ನಾನ ಮಾಡಿಸಿ, ಉಣಿಸಿ, ಜೊತೆಗಿರುವ ಕೆಲಸ. ನನಗೆ ಒಪ್ಪಿಸಿದ್ದು ನೂರಾನಾಲ್ಕು ವರ್ಷದ ಆರ್ಮೇನಿಯನ್ ಅಜ್ಜಿ ಅರಾಕ್ಸಿಯವರನ್ನು. ಅವರ ಇಂಗ್ಲಿಷೂ ನನ್ನದೂ ಅಷ್ಟಕ್ಕಷ್ಟೆ, ಹೇಗೋ ಹೊಂದಿಕೊಂಡೆವು.

ಮೊದಲ ಸ್ನಾನದ ದಿನವೇ ತಪ್ಪು ಮಾಡಿದೆ. ಅವರ ಗಲ್ಲದ ಮೇಲೆ ನೀಲಿ ಹಚ್ಚೆ ಕಂಡು ಖುಷಿಯಾಗಿ, ನನ್ನ ಮುಂಗೈ ಹಚ್ಚೆ ತೋರಿಸಿ, "ನಮ್ಮಮ್ಮ ಹಾಕಿಸಿದ್ದು. ನಿಮಗೂ ನಿಮ್ಮಮ್ಮನೇ ಹಾಕಿಸಿದ್ರಾ?" ಎಂದೆ. ಅವರು ಮಗ್ಗಿನಿಂದ ನನ್ನ ಬಾಯಿಗೆ ಬಡಿದರು. ತುಟಿ ಒಡೆಯಿತು.

"ನಮ್ಮಮ್ಮನ್ನ ಕೊಂದ ಮೇಲೆ ಹಾಕಿದ್ದು. ನಾಲ್ಕು ಜನ ನನ್ನ ಕೈಕಾಲು ಅದುಮಿ ಹಿಡಿದಿದ್ರು."

ದಿನಕ್ಕಿಷ್ಟಿಷ್ಟು ಹೇಳಿದರು. 1915ರಲ್ಲಿ ಒಟ್ಟೋಮನ್ ತುರ್ಕಿ ಸರ್ಕಾರ ಆರ್ಮೇನಿಯನ್ನರನ್ನು ಊರುಬಿಡಿಸಿ ಮರುಭೂಮಿಯತ್ತ ನಡೆಸಿ ಕೊಲ್ಲಿಸಿತು. ಅರಾಕ್ಸಿಯವರ ಅಪ್ಪನನ್ನು ಮನೆ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು, ಅಮ್ಮನನ್ನು ದಾರಿಯಲ್ಲಿ ಇರಿದರು. ಉಳಿದವರು ಒಂಬತ್ತು ವರ್ಷದ ಅರಾಕ್ಸಿ, ಐದು ವರ್ಷದ ತಮ್ಮ ಹಾಕೋಬ್. ಕುದುರೆ ಸವಾರನೊಬ್ಬ ಅವಳ ಜಡೆ ಹಿಡಿದೆಳೆದ. ತಮ್ಮ ಅವಳ ಲಂಗ ಬಿಡಲಿಲ್ಲ. ಸವಾರ ಕತ್ತಿ ಎತ್ತಿದ. ತಮ್ಮ ಸಾಯದಂತೆ ಬಿಡಿಸಲು ಬೇರೆ ದಾರಿ ಕಾಣದೆ ಅವಳೇ ಕಲ್ಲೆತ್ತಿ ಅವನ ಹಣೆ ಒಡೆದಳು. ಸವಾರ ಅವಳನ್ನು ಕುದುರೆ ಮೇಲೆ ಹಾಕಿಕೊಂಡು ಮರುಭೂಮಿಯ ತನ್ನವರ ಬಳಿಗೆ ಒಯ್ದ; ಹಚ್ಚೆ ಹಾಕಿದ್ದು ಅವರೇ.

ಹನ್ನೆರಡು ವರ್ಷದ ಮೇಲೆ ಅಲೆಪ್ಪೊ ಪಟ್ಟಣದಲ್ಲಿ ಅಕ್ಕ ತಮ್ಮ ಸಿಕ್ಕರು. ಹಣೆ ಒಡೆದವನು ತಮ್ಮನ್ನು ನಡೆಸಿಕೊಂಡು ಹೋಗುತ್ತಿದ್ದ ಸೈನಿಕನೊಬ್ಬನೆಂದೇ ಹಾಕೋಬ್ ನಂಬಿದ್ದ. ಅಕ್ಕ ತಿದ್ದಲಿಲ್ಲ.

"ತಮ್ಮನಿಗೆ ಹೇಳಿಬಿಡಿ ಅಮ್ಮಾ, ಮನಸ್ಸು ಹಗುರ ಆಗುತ್ತೆ," ಎಂದು ನಾನು ಬಿಡದೆ ಹೇಳಿದೆ.

ಆ ಅಕ್ಟೋಬರ್‌ನಲ್ಲಿ ಹಾಕೋಬ್ ಹೂಸ್ಟನ್‌ನಿಂದ ಬಂದರು. ಕರೆತಂದ ಮೊಮ್ಮಗಳು ಅವರನ್ನು ಕೂರಿಸಿ ಹೊರಗೆ ಹೋದಳು. ಮರುಭೂಮಿಯಲ್ಲಿ ತಾಯ್ನುಡಿ ಮರೆತಿದ್ದ ಅಕ್ಕನ ಜೊತೆ, ಅಮೆರಿಕಕ್ಕೆ ಬಂದ ಮೇಲೆ, ಅವರದು ಇಂಗ್ಲಿಷೇ.

"ಇನ್ನೂ ಹೋಗಿಲ್ವಾ, ಮುದುಕಿ?"

"ನೀನೇ ಮೊದಲು ಹೋಗಿ ಜಾಗ ಹಿಡಿ."

ಇಬ್ಬರೂ ನಕ್ಕರು. ಆಮೇಲೆ ಅರಾಕ್ಸಿ ನನ್ನ ಕೈ ಹಿಡಿದುಕೊಂಡು ಹೇಳಿದರು: "ನಿನ್ನ ಹಣೆ ಒಡೆದದ್ದು ನಾನು. ಕುದುರೆ ಮೇಲಿಂದ ನೋಡ್ದೆ, ಒಬ್ಬ ಸೈನಿಕ ಬಂದು ಬಟ್ಟೆ ಹರಿದು ನಿನ್ನ ತಲೆಗೆ ಕಟ್ಟಿದ."

"ಕೆನ್ನೆ ಮೇಲೆ ಸುಟ್ಟ ಕಲೆ ಇತ್ತಾ ಅವನಿಗೆ?"

"ಇತ್ತು."

ಹಾಕೋಬ್ ತಮ್ಮ ಹಣೆಗೆ ತಾವೇ ಗುದ್ದಿಕೊಳ್ಳತೊಡಗಿದರು. ಹಳೆಯ ಗಾಯದ ಮೇಲೆ ಚರ್ಮ ಹರಿದು ರಕ್ತ ಬಂತು. ನಾನು ಮಣಿಕಟ್ಟು ಹಿಡಿದೆ. ನೂರು ವರ್ಷದ ಕೈಯಲ್ಲಿ ಅಷ್ಟು ಬಲ!

"ಕಣ್ಣು ಬಿಟ್ಟಾಗ ಕಂಡ ಮುಖ ಅದೇ. ಅವನೇ ಹೊಡೆದ ಅಂದ್ಕೊಂಡಿದ್ದೆ. ನೀನು ಸಿಕ್ಕಿದ ಮಾರನೇ ವರ್ಷ ಅಲೆಪ್ಪೊ ಪೇಟೇಲಿ ಅವನನ್ನ ಕಂಡೆ. ಕಲ್ಲು ತಗೊಂಡು ಉಸಿರು ನಿಲ್ಲೋವರೆಗೂ ಜಜ್ಜಿದೆ. ಆಗಲೇ ಯಾಕೆ ಹೇಳಲಿಲ್ಲ?"

ಹಾಕೋಬ್ ಎದ್ದು ಹೊರಟುಹೋದರು. ಅರಾಕ್ಸಿ ಇನ್ನು ಹತ್ತೊಂಬತ್ತು ದಿನ ಬದುಕಿದರು. ದಿನವೂ "ಫೋನ್ ಬಂತಾ?" ಎಂದು ಕೇಳಿದರು. ಬರಲಿಲ್ಲ. ಮುಂದಿನ ವರ್ಷ ಹಾಕೋಬ್ ಕೂಡ ತೀರಿಕೊಂಡರೆಂದು ಕೇಳಿದೆ.

ಆಮೇಲೆ ಯಾರಿಗೂ "ಹೇಳಿಬಿಡಿ" ಎನ್ನಲಿಲ್ಲ. ಹೇಳಿದರೆ ಕೇಳುವುದು, ಹೇಳದಿದ್ದರೆ ಪಕ್ಕದಲ್ಲಿ ಕೂರುವುದು, ಇಷ್ಟೇ ನನ್ನ ಕೆಲಸವೆಂದು ಕಲಿತೆ.

ಆ ಸೈನಿಕನ ಹೆಸರು ಗೊತ್ತಿಲ್ಲ. ಅವನು ಒಂದು ಮಗುವಿನ ಗಾಯ ಕಟ್ಟಿದನೆಂದು ಬಲ್ಲವಳು ಈಗ ನಾನೊಬ್ಬಳೇ ಇರಬೇಕು. ಈ ಹಾಳೆಗಳನ್ನು ಜೋಪಾನ ಮಾಡಿ, ಮಕ್ಕಳೇ.